ಮಣೆಯ ಮೇಲೆ ಒಬ್ಬಳೇ

ನನ್ನ ನಾದಿನಿಗೆ ಗಂಡು ಸಿಗುತ್ತಿಲ್ಲ ಎಂದು ಜಯನಗರದಿಂದ ಜೆ.ಪಿ. ನಗರದವರೆಗೆ ಹಬ್ಬಿರುವ ಸುದ್ದಿ ಶುದ್ಧ ಸುಳ್ಳು. ಗಂಡುಗಳು ಬೇಕಾದಷ್ಟು ಸಿಕ್ಕಿದ್ದಾರೆ. ಸಿಕ್ಕವರು ಈಗ ಹೇಗಿದ್ದಾರೆ ಎಂಬುದಷ್ಟೇ ನನ್ನ ಚಿಂತೆ!

ಅವಳು ಸ್ಟ್ರಕ್ಚರಲ್ ಇಂಜಿನಿಯರ್. ಯಾವ ಕಟ್ಟಡ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಹೇಳುವುದು ಅವಳ ಕೆಲಸ. ಕೆಲಸ ಕೆಲಸದ ಜಾಗದಲ್ಲಿ ಇರಬೇಕಲ್ಲವೇ? ಇಲ್ಲ. ಯಾರ ಮನೆಗೆ ಹೋದರೂ ಕಾಫಿ ಬರುವ ಮೊದಲೇ ಬೆರಳ ಗೆಣ್ಣಿನಿಂದ ಗೋಡೆಗೆ ಟಕ್ ಟಕ್ ಎಂದು ಬಡಿದು ಕಿವಿಗೊಡುತ್ತಾಳೆ. ತಿಲಕ್ ನಗರದ ನೆಂಟರೊಬ್ಬರ ಸತ್ಯನಾರಾಯಣ ಪೂಜೆಯಲ್ಲಿ, ಸರಿಯಾಗಿ ಮಂಗಳಾರತಿಯ ಹೊತ್ತಿಗೆ, "ಆಂಟಿ, ಈ ಗೋಡೆ ಒಳಗೆ ಟೊಳ್ಳು" ಎಂದುಬಿಟ್ಟಳು. ಆಂಟಿ ನಮಗೆ ಪ್ರಸಾದ ಕೊಟ್ಟರು, ಮಾತು ಮಾತ್ರ ಬಿಟ್ಟರು.

ಇಂಥವಳು ಬನಶಂಕರಿಯಲ್ಲಿ ತನ್ನ ದುಡಿಮೆಯಲ್ಲೇ ಒಂದು ಫ್ಲ್ಯಾಟ್ ಕೊಂಡಳು. ನಮ್ಮತ್ತೆ ಸಂತೋಷಪಡುವ ಬದಲು ಷರತ್ತು ಹಾಕಿದರು.

"ಗೃಹಪ್ರವೇಶಕ್ಕೆ ದಂಪತಿ ಕೂರಬೇಕು. ಮೊದಲು ಮದುವೆ, ಆಮೇಲೆ ಮನೆ. ಇಲ್ದಿದ್ರೆ ನಾನು ಆ ಹೊಸ್ತಿಲು ತುಳಿಯಲ್ಲ."

"ಆಯ್ತಮ್ಮ. ನೀನು ಹೇಳಿದ ಹುಡುಗರನ್ನೆಲ್ಲ ನೋಡ್ತೀನಿ, ಕಾಫಿ ಕುಡೀತೀನಿ, ಮಾತಾಡ್ತೀನಿ. ಯಾರೂ ಹಿಡಿಸದಿದ್ರೆ ಮಣೆ ಮೇಲೆ ನಾನೊಬ್ಳೇ ಕೂರ್ತೀನಿ."

"ಕೂರ್ತಾಳಂತೆ! ಮೊದಲು ನೋಡೋಕಾದ್ರೂ ಹೋಗು. ಒಬ್ಳೇ ಬೇಡ, ನಿಮ್ಮತ್ತಿಗೆ ಜೊತೆಗೆ ಬರ್ತಾಳೆ."

ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ದೊಡ್ಡವರಿಗೆ ಎದುರಾಡಬಾರದೆಂದು ಕಲಿಸಿಬಿಟ್ಟಿದ್ದರು. ಹೀಗಾಗಿ ಎರಡು ಮಕ್ಕಳ ತಾಯಿಯಾದ ನಾನು ನಲವತ್ತು ದಾಟಿದ ಮೇಲೆ ಡೇಟಿಂಗ್ ಶುರು ಮಾಡಿದೆ!

ಜಾಗ ಅವಳದೇ ಆಯ್ಕೆ: ಜಯನಗರದ ಒಂದು ದರ್ಶಿನಿ. ಕುರ್ಚಿಯಿಲ್ಲ, ನಿಂತೇ ತಿನ್ನಬೇಕು. "ಎಸಿ ಹೋಟೆಲಲ್ಲಿ ಎಲ್ಲರೂ ರಾಜಕುಮಾರರೇ ಅತ್ತಿಗೆ. ಇಲ್ಲಿ ತಟ್ಟೆ ಯಾರು ಎತ್ತಿಡ್ತಾರೆ ಅಂತ ನೋಡಿ" ಎಂದಳು. ನಾನು ಪಕ್ಕದ ಟೇಬಲ್ಲಿನಲ್ಲಿ ಖಾರಾಬಾತ್ ಮುಂದಿಟ್ಟುಕೊಂಡು ಅಪರಿಚಿತಳಂತೆ ನಿಂತೆ. ಮೊದಲನೆಯವನು ಪದ್ಮನಾಭನಗರದವನು, ಸ್ತ್ರೀ ಸಮಾನತೆಯ ಬಗ್ಗೆ ಎರಡು ಇಡ್ಲಿ ಮುಗಿಯುವವರೆಗೂ ಮಾತಾಡಿದ. ನಾನು ಕರಗಿಹೋಗಿದ್ದೆ. ಆಮೇಲೆ ಅವನು ಎಂಜಲು ತಟ್ಟೆಯನ್ನು ಟೇಬಲ್ ಮೇಲೇ ಬಿಟ್ಟು, ಕೈ ತೊಳೆದು, ಅವಳ ದುಪಟ್ಟಾದ ಕಡೆ ಒರೆಸಲು ಏನಾದರೂ ಸಿಗುತ್ತದೆಯೇ ಎಂಬಂತೆ ನೋಡಿದ. ಅಲ್ಲಿಗೆ ಸಮಾನತೆ ಮುಗಿಯಿತು.

ಎರಡನೆಯವನು ಅಮ್ಮನನ್ನು ಕರೆದುಕೊಂಡು ಬಂದ. ನನಗೆ ಒಳ್ಳೆಯ ಜೊತೆ ಸಿಕ್ಕಿತೆಂದು ಖುಷಿಪಟ್ಟೆ. ಆದರೆ ಆಕೆ ನೇರ ಇವಳ ಪಕ್ಕವೇ ನಿಂತರು.

"ಅಡುಗೆ ಬರುತ್ತೇನಮ್ಮ?"

"ಬರುತ್ತೆ ಆಂಟಿ. ನಿಮ್ಮ ಮಗನಿಗೆ?"

"ಅಯ್ಯೋ, ಅವನಿಗೆ ನೀರು ಕಾಯಿಸೋಕೂ ಬರಲ್ಲ!" ಆ ತಾಯಿಯ ಮುಖದಲ್ಲಿ ಎಂಥ ಹೆಮ್ಮೆ!

"ಪಾಪ. ಹುಟ್ಟಿದಾಗಿಂದ ಹೀಗೇನಾ? ಯಾರಿಗಾದ್ರೂ ತೋರಿಸಿದ್ರಾ?"

ನನ್ನ ಖಾರಾಬಾತ್ ನೆತ್ತಿಗೇರಿತು.

ಮೂರನೆಯವನು ಬೇರೆ. ತಟ್ಟೆ ಎತ್ತಿಟ್ಟ, ಇವಳದನ್ನೂ ಎತ್ತಿಟ್ಟ. ಅವಳ ಗೋಡೆ ಬಡಿಯುವ ಕತೆಗಳಿಗೆ ಮನಸಾರೆ ನಕ್ಕ. ಮಳೆಗಾಲವಿಡೀ ಭೇಟಿಗಳು ನಡೆದವು. ಸದಾ ಸಿಮೆಂಟು ಮೆತ್ತಿರುತ್ತಿದ್ದ ಅವಳ ಉಗುರುಗಳು ಸ್ವಚ್ಛವಾದವು. ಅತ್ತೆಗೆ ನಾನೇನೂ ಹೇಳಲಿಲ್ಲ, ಆದರೂ ಅವರು ಛತ್ರಗಳ ಬಾಡಿಗೆ ವಿಚಾರಿಸತೊಡಗಿದರು. ಒಂದು ಸಂಜೆ ಅವನು ಪ್ರೀತಿಯಿಂದಲೇ ಹೇಳಿದ: "ಮದುವೆ ಆದ್ಮೇಲೆ ಈ ಸೈಟು, ಧೂಳು, ಬಿಸಿಲು ಎಲ್ಲಾ ನಿಮಗ್ಯಾಕೆ? ಆರಾಮಾಗಿ ಕೂತು ಮಾಡೋ ಕೆಲಸ ಏನಾದ್ರೂ ನೋಡ್ಕೊಳ್ಳಿ."

"ನಿಂತು ಮಾಡೋ ಕೆಲಸಾನೇ ನಂಗಿಷ್ಟ" ಎಂದಳು. ಕಾಫಿ ಪೂರ್ತಿ ಕುಡಿದಳು. ಈ ಸಲ ಅವನ ತಟ್ಟೆಯನ್ನೂ ಅವಳೇ ಎತ್ತಿಟ್ಟು ಹೊರಟಳು.

ಸ್ಕೂಟರಿನಲ್ಲಿ ಹಿಂದೆ ಕೂತಿದ್ದ ನನಗೆ ಅವಳ ಭುಜ ನಡುಗುವುದು ತಿಳಿಯುತ್ತಿತ್ತು.

"ಅಳ್ತಿದ್ದೀಯೇನೇ?"

"ಧೂಳು ಅತ್ತಿಗೆ."

"ಹೆಲ್ಮೆಟ್ಟಿನ ಗಾಜು ಮುಚ್ಚಿದೆಯಲ್ಲೇ!"

"ಗಟ್ಟಿಯಾಗಿ ಹಿಡ್ಕೊಳಿ, ಹಂಪ್ ಬರುತ್ತೆ."

ಮಾರನೆಯ ದಿನವೇ ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿದಳು. ನನ್ನ ಗಂಡ ಪಾಪ, "ನಾನೂ ನಿಮ್ಮತ್ತಿಗೇನೂ ಕೂರ್ತೀವಿ ಬಿಡೇ, ಶಾಸ್ತ್ರಕ್ಕೆ" ಎಂದರು. "ಅಣ್ಣಾ, ನೀನು ಬಾ, ಹೋಳಿಗೆ ತಿನ್ನು, ಹರಸು. ಕೂರೋದು ನಾನು." ಅತ್ತೆ ಮಾತ್ರ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಗೃಹಪ್ರವೇಶದ ಬೆಳಿಗ್ಗೆ ಪುರೋಹಿತರೂ ರಾಗ ಎಳೆದರು. "ಯಜಮಾನರು ಎಲ್ಲಮ್ಮಾ?"

"ನಾನೇ ಸ್ವಾಮಿ."

"ಅಲ್ಲಮ್ಮಾ, ಒಬ್ಬರೇ ಅಂದ್ರೆ ಹೇಗೆ..."

"ಈ ಬಿಲ್ಡಿಂಗಿನ ಕಂಬಗಳನ್ನೆಲ್ಲ ನಾನೊಬ್ಳೇ ಪರೀಕ್ಷೆ ಮಾಡಿರೋದು. ನಂಬಿಕೆ ಇಲ್ದಿದ್ರೆ ಹೊರಗೆ ನಿಂತು ಮಂತ್ರ ಹೇಳಿ."

ಪುರೋಹಿತರು ಒಮ್ಮೆ ಕಂಬ ನೋಡಿದರು, ಒಮ್ಮೆ ಗಡಿಯಾರ ನೋಡಿದರು. ಅವರಿಗೆ ಕುಮಾರಸ್ವಾಮಿ ಲೇಔಟಿನಲ್ಲಿ ಇನ್ನೊಂದು ಗೃಹಪ್ರವೇಶವಿತ್ತು. "ಕೂತ್ಕೊಳಿ, ರಾಹುಕಾಲ ಬಂದ್ಬಿಡುತ್ತೆ" ಎಂದರು. ಶಾಸ್ತ್ರವೂ ಬೆಂಗಳೂರಿನ ಟ್ರಾಫಿಕ್ಕಿಗೆ ಹೆದರುತ್ತದೆ!

ಅತ್ತೆ ಬಂದಿದ್ದರು. ಆದರೆ ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ, ಗೋಡೆಗೆ ಅಂಟಿ ನಿಂತಿದ್ದರು. ಹಟವೆಂದು ನಾವೆಲ್ಲ ಸುಮ್ಮನಿದ್ದೆವು. ಹಾಲು ಉಕ್ಕಿಸುವ ಹೊತ್ತಿಗೆ ನಾದಿನಿ ಮಣೆಯಿಂದ ಎದ್ದು ಬಾಗಿಲಿಗೆ ಬಂದಳು.

"ಅಮ್ಮ, ಬಂದು ಒಲೆ ಹಚ್ಚು."

"ನಾನು ಬೇಡ ಕಣೇ" ಅತ್ತೆಯ ದನಿ ತೀರಾ ಸಣ್ಣದಾಗಿತ್ತು. "ಮುತ್ತೈದೆ ಕೈಲಿ ಹಚ್ಚಿಸು. ನಿಂಗೆ ಒಳ್ಳೇದಾಗ್ಬೇಕು."

ನನಗೆ ಆಗ ಹೊಳೆಯಿತು. ಮಾವ ತೀರಿಕೊಂಡ ಮೇಲೆ ಅತ್ತೆ ಯಾವ ಶುಭಕಾರ್ಯದಲ್ಲೂ ಮುಂದೆ ನಿಂತಿಲ್ಲ. ಯಾರೂ ಬೇಡವೆಂದಿರಲಿಲ್ಲ. ಯಾರೂ ಬನ್ನಿ ಎಂದೂ ಕರೆದಿರಲಿಲ್ಲ.

"ಈ ಮನೇಲಿ ಮುತ್ತೈದೆ ಇಲ್ಲಮ್ಮ" ಎಂದಳು ನಾದಿನಿ. "ನಾನೂ ಅಲ್ಲ, ನೀನೂ ಅಲ್ಲ. ಸರಿಹೋಯ್ತಲ್ಲ? ಬಾ."

ಅತ್ತೆ ಮಗಳ ಮುಖವನ್ನೇ ನೋಡಿದರು. ಸೆರಗು ಸರಿಮಾಡಿಕೊಂಡು, ನಮ್ಮ ಯಾರ ಕಡೆಗೂ ನೋಡದೆ, ಬಲಗಾಲಿಟ್ಟು ಒಳಗೆ ಬಂದರು. ಒಲೆ ಹಚ್ಚಿದರು. ಹಾಲು ಉಕ್ಕಿ ಪಾತ್ರೆಯ ನಾಲ್ಕೂ ಕಡೆ ಇಳಿಯಿತು.

ಆಮೇಲೆ ಅತ್ತೆ ಕಣ್ಣೊರೆಸಿಕೊಂಡು, ಆ ಮನೆಯಲ್ಲಿ ವರ್ಷಗಟ್ಟಲೆ ಇದ್ದವರಂತೆ, ಜೋರಾಗಿ ಗದರಿದರು:

"ಸಕ್ಕರೆ ಡಬ್ಬ ಎಲ್ಲಿಟ್ಟು ಸತ್ತಿದ್ದೀಯೇ?"