ಏಕಾದಶಿ ದಿನ ಏರಿದ ನೀರು

ವ್ಯಾಸರಾಯರ ಏಕಾದಶಿ ಕೆಟ್ಟದ್ದು ಬೋಂಡದಿಂದಲ್ಲ, ಬೋಂಡ ಸುತ್ತಿದ್ದ ಕಾಗದದಿಂದ. ಹೆಂಡತಿ ಸರಸ್ವತಮ್ಮ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಎರಡು ಬೋಂಡ ಮುಗಿಸಿದ್ದರು. ಅಷ್ಟರಲ್ಲಿ ಗೇಟು ಕಿರ್ರೆಂದಿತು. ಎಣ್ಣೆ ಹತ್ತಿದ ಕಾಗದವನ್ನು ಕಮೋಡಿಗೆ ಹಾಕಿ ಫ್ಲಶ್ ಒತ್ತಿದರು. ಕಾಗದ ಹೋಯಿತು, ನೀರು ಹೋಗಲಿಲ್ಲ. ಅಂಚಿನವರೆಗೆ ಏರಿ ನಿಂತಿತು.

ಮೂವತ್ತು ವರ್ಷದಿಂದ ತಮಿಳು ಸೀಮೆಯ ತುಡಿಯಲೂರಿನ ಆ ಬೀದಿಗೆಲ್ಲ ಉಪವಾಸದ ಮಹಿಮೆ ಹೇಳುತ್ತ ಬಂದವರು ರಾಯರು. ಕಾಗದ ಹೊರಗೆ ಬಂದರೆ ಅದರ ಜೊತೆಗೇ ಮಾನವೂ ಬರುತ್ತದೆ.

“ಏನ್ರೀ, ಬೆಳಗಿಂದ ನೀವೂ ಏನೂ ತಿಂದಿಲ್ಲ, ನಾನೂ ತಿಂದಿಲ್ಲ. ಇದು ಹ್ಯಾಗೆ ಕಟ್ಕೊಂಡು ಅಡೈಪ್ಪು ಆಯ್ತು?” ಎಂದರು ಸರಸ್ವತಮ್ಮ.

“ಅದೇ ನಂಗೂ ಕೊಳಪ್ಪ, ಏನೂ ತಿಳೀತಿಲ್ಲ.”

ಕರೆಯದೆಯೇ ಪಕ್ಕದ ಮನೆಯ ವೇಲುಸಾಮಿ, ಅವನ ಹೆಂಡತಿ ರಾಮಾತಾಳ್ ಬಂದರು. ಬಿಸಿನೀರು ಹಾಕಿ ಎಂದ ಅವನು. ಒಂದು ಬಕೆಟ್ ನೀರನ್ನು ಎತ್ತರದಿಂದ ಸುರಿಯಿರಿ ಎಂದಳು ಅವಳು. ರಾಯರು ಎರಡೂ ಮಾಡಿದರು. ನೀರು ಅಂಚು ದಾಟಿ ಅವರ ಪಂಚೆ ತೋಯಿಸಿತು. ಕಾಗದ ಒಳಗೇ ಇರಲಿ ಎಂದು ಬೇಡಬೇಕೋ, ನೀರು ಇಳಿಯಲಿ ಎಂದು ಬೇಡಬೇಕೋ ಅವರಿಗೇ ತಿಳಿಯಲಿಲ್ಲ.

ವೇಲುಸಾಮಿ ಫೋನ್ ಮಾಡಿದ್ದಕ್ಕೆ ಪ್ಲಂಬರ್ ಕರುಪ್ಪಸಾಮಿ ಬಂದ. ತಂತಿ ಇಳಿಸಿ ತಿರುಗಿಸಿದ. ಒಳಗೆ ಏನೋ ತಡೆಯಿತು.

“ಉಳ್ಳೇ ಏದೋ ಸಿಕ್ಕಿರುಕ್ಕು ಸಾರ್.”

ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ರಾಯರು ಹೆಗಲು ಮುಟ್ಟಿಕೊಂಡರು. “ಸರಸೂ, ಅದು ನಂದೇ ಕಣೆ. ಬೋಂಡ ತಿಂದೆ. ಎರಡು. ಕಾಗದ ನಾನೇ ಹಾಕ್ದೆ.”

ವೇಲುಸಾಮಿಗೆ ಕನ್ನಡ ಬಾರದು, ಆದರೆ ಬೋಂಡ ಎಂದದ್ದು ಚೆನ್ನಾಗಿಯೇ ತಿಳಿಯಿತು.

ಕರುಪ್ಪಸಾಮಿ ನಕ್ಕ. “ಪೇಪರಾ? ಅದು ಅಪ್ಪವೇ ಕರೆಂಜಿರುಕ್ಕುಂ ಸಾರ್.” ಕಾಗದ ಆಗಲೇ ಕರಗಿ ಹೋಗಿತ್ತು. ಅವನ ತಂತಿಗೆ ಸಿಕ್ಕಿ ಬಂದದ್ದು ಬೇಕರಿಯ ಪ್ಲಾಸ್ಟಿಕ್ ಕವರು. ಒಳಗೆ ಹನಿಕೇಕಿನ ಕೆಂಪು ಜಾಮ್ ಇನ್ನೂ ಅಂಟಿಕೊಂಡಿತ್ತು. ನೀರು ಗಟಗಟನೆ ಇಳಿಯಿತು.

ರಾಯರಿಗೆ ತಲೆಬುಡ ತಿಳಿಯಲಿಲ್ಲ. ಮೊಟ್ಟೆ ಇರುತ್ತದೆಂದು ಅವರು ಬೇಕರಿಯ ಕೇಕ್ ಮುಟ್ಟಿದವರೇ ಅಲ್ಲ. ಮನೆಯಲ್ಲಿರುವುದು ಇಬ್ಬರೇ. ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು.

ಸರಸ್ವತಮ್ಮ ಕವರನ್ನೊಮ್ಮೆ, ರಾಮಾತಾಳಳನ್ನೊಮ್ಮೆ ನೋಡಿದರು. ಆಮೇಲೆ ಕೆನ್ನೆಯ ಮೇಲೆ ಕೈಯಿಟ್ಟರು.

“ಬೋಂಡ ಸಾಲ್ದೂಂತ ಮೊಟ್ಟೆ ಹಾಕಿದ ಕೇಕೂ ತಿಂದ್ರಾ?”