ಓರ್ವಿಲ್ ಅಜ್ಜನ ಕೆಂಪು ಬಾವುಟ

ಆ ಬೆಳಿಗ್ಗೆ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಆದರೂ ಹಾಲ್ವರ್ಸನ್ ಮನೆಯ ಮುಂದಿನ ಕೆಂಪು ಬಾವುಟ ಕೋಲು ಸಮೇತ ಮುರಿದು ಹುಲ್ಲಿನ ಮೇಲೆ ಮಕಾಡೆ ಬಿದ್ದಿತ್ತು. ಥಿಯಾ ಅದನ್ನು ಮೊದಲು ನೋಡಿದ್ದರೆ ಗ್ಯಾರೇಜಿನ ಮೂಲೆಗೆ ಎಸೆದು ಸುಮ್ಮನಾಗುತ್ತಿದ್ದಳು. ಅವಳ ಗ್ರಹಚಾರಕ್ಕೆ ಮೊದಲು ನೋಡಿದವಳು ಎದುರು ಮನೆಯ ಡಾಟಿ.

"ಥಿಯಾ! ಏ ಥಿಯಾ! ಬಾರೇ ಹೊರಗೆ! ನಿಮ್ಮಜ್ಜ ಬಂದು ಹೋಗಿದಾನೆ!"

ಅಜ್ಜ ಓರ್ವಿಲ್ ಚಳಿಗಾಲದಲ್ಲೇ ಮಣ್ಣು ಸೇರಿದ್ದ. ಥಿಯಾ ಕಣ್ಣುಜ್ಜುತ್ತಾ ಹೊರಗೆ ಬಂದಳು. ಬೀದಿಯ ತುಂಬ ಮಂಜು ಕವಿದಿತ್ತು. ಮೇ ತಿಂಗಳಲ್ಲಿ ಆ ಬಯಲುಸೀಮೆಗೆ ಮಂಜು ಬೀಳುವುದೇ ಅಪರೂಪ. ಅದರ ನಡುವೆ ಕೆಂಪು ಅಂಗಿ, ಕೆಂಪು ಚಡ್ಡಿ, ಕಿವಿಗೆ ನರಿಮುಖದ ಓಲೆ ತೊಟ್ಟ ಡಾಟಿ, ಕೈಲಿ ಕಾಫಿ ಲೋಟ ಹಿಡಿದು ನಿಂತಿದ್ದಳು.

"ಗಾಳಿಗೆ ಬಿದ್ದಿರಬೇಕು ಆಂಟಿ."

"ಎಲ್ಲಿದೆ ಗಾಳಿ? ತೋರ್ಸು ನೋಡೋಣ. ಅವನಿಗೆ ಗೊತ್ತಾಗಿಬಿಟ್ಟಿದೆ ಕಣೇ, ನೀನು ಹಸಿರಿಗೆ ಹೋಗೋಕೆ ಹೊರಟಿದೀಯ ಅಂತ. ಕೋಪ ಬಂದಿದೆ."

ಆ ವಿಷಯವನ್ನು ಥಿಯಾ ಊರಲ್ಲಿ ಬದುಕಿರುವ ಯಾರಿಗೂ ಹೇಳಿರಲಿಲ್ಲ, ಆದರೆ ಅವರ ಅಂಚೆ ಡಬ್ಬಿಗೆ ಬರುವ ಹಸಿರು ಲಕೋಟೆಗಳನ್ನು ಡಾಟಿ ಎಣಿಸುತ್ತಿದ್ದಳು.

ಆ ರಾಜ್ಯದಲ್ಲಿ ಸರ್ಕಾರದ ವಿಶ್ವವಿದ್ಯಾಲಯಗಳು ಎರಡು. ಒಂದನ್ನು ಜನ ಬರೀ 'ಯೂನಿವರ್ಸಿಟಿ' ಎನ್ನುತ್ತಾರೆ. ಅದರ ಬಣ್ಣ ಕೆಂಪು, ಗುರುತು ನರಿ. ಇನ್ನೊಂದನ್ನು 'ಸ್ಟೇಟ್' ಎನ್ನುತ್ತಾರೆ, ಹಸಿರು, ಮಿಡತೆ. ವರ್ಷಕ್ಕೊಮ್ಮೆ ಎರಡರ ನಡುವೆ ಫುಟ್‌ಬಾಲ್ ನಡೆಯುತ್ತದೆ, ಉಳಿದ ದಿನವೆಲ್ಲ ಅದರ ಜಗಳ ನಡೆಯುತ್ತದೆ. ರೈಲು ಹಳಿಯ ಈ ಕಡೆ ಕೆಂಪಿನವರು, ಆ ಕಡೆ ಹಸಿರಿನವರು. ಸ್ಮಶಾನದಲ್ಲೂ ಹಾಗೆಯೇ. ಓರ್ವಿಲ್‌ನನ್ನು ಕಳಿಸಿದ್ದು ಮುಚ್ಚಳದ ಮೇಲೆ ನರಿಯ ಚಿತ್ರವಿದ್ದ ಕೆಂಪು ಶವಪೆಟ್ಟಿಗೆಯಲ್ಲಿ.

ಥಿಯಾಗೆ ಫುಟ್‌ಬಾಲ್ ಬೇಕಿರಲಿಲ್ಲ, ಕತೆ ಬರೆಯುವುದು ಬೇಕಿತ್ತು. ಯೂನಿವರ್ಸಿಟಿ ನೋಡಲು ಹೋದಾಗ ಅವರು ಕ್ರೀಡಾಂಗಣವನ್ನು ಮೂರು ಬಾಗಿಲಿಂದ ತೋರಿಸಿ, ಲೈಬ್ರರಿಯನ್ನು ಬಸ್ಸಿನ ಕಿಟಕಿಯಿಂದ ತೋರಿಸಿದ್ದರು. ಸ್ಟೇಟ್‌ನಲ್ಲಿ ಒಬ್ಬ ಮುದುಕಿ ಮೇಡಂ ಅವಳ ಕತೆಯ ಒಂದು ಪುಟ ಓದಿ, ಕನ್ನಡಕ ತೆಗೆದು, "ಆಮೇಲೆ?" ಎಂದು ಕೇಳಿದ್ದಳು. ಹಾಗೆ ಕೇಳುತ್ತಿದ್ದವನು ಅಲ್ಲಿಯವರೆಗೆ ಅಜ್ಜ ಒಬ್ಬನೇ. ಅಪ್ಪ ಅಮ್ಮ ಇಬ್ಬರೂ ಊರೂರಿಗೆ ಲಾರಿ ಓಡಿಸುವವರು. ಯಾವುದಕ್ಕೆ ಸೇರಲಿ ಎಂದರೆ ಫೋನಿನಲ್ಲಿ "ನಿನ್ನಿಷ್ಟ ಮಗಳೇ" ಎಂದು ಕೈತೊಳೆದುಕೊಂಡಿದ್ದರು. ಆಸ್ಪತ್ರೆಯಲ್ಲಿ ಅಜ್ಜನ ಕಿವಿಯಲ್ಲಿ ಮಾತ್ರ ಅವಳು ಪಿಸುಗುಟ್ಟಿದ್ದಳು: "ಅಜ್ಜ, ನಾನು ಸ್ಟೇಟ್‌ಗೆ ಹೋಗ್ಲಾ?" ಮಾತು ನಿಂತುಹೋಗಿದ್ದ ಅಜ್ಜ ಅವಳ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಚುಕಿದ್ದ.

ಅದು ಬೈಗುಳವೋ ಆಶೀರ್ವಾದವೋ ಅವಳಿಗೆ ಇವತ್ತಿಗೂ ತಿಳಿದಿರಲಿಲ್ಲ. ಇವತ್ತು ಸಂಜೆ ಐದರೊಳಗೆ ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಎಂದು ಕಂಪ್ಯೂಟರಿನಲ್ಲಿ ಒತ್ತಬೇಕಿತ್ತು. ಬಿಟ್ಟ ಸೀಟು ಕಾಯುತ್ತಿರುವವರ ಪಾಲಾಗುತ್ತದೆ, ಮತ್ತೆ ಸಿಗುವುದಿಲ್ಲ.

ಒಳಗೆ ಅಡುಗೆಮನೆಯಲ್ಲಿ ಅಜ್ಜಿ ವರ್ನಾ ಕಾಫಿ ಸೋಸುತ್ತಿದ್ದಳು. ಮಾತು ಕಮ್ಮಿ ಹೆಂಗಸು. ಹವಾಮಾನದ ಬಗ್ಗೆ ಕೂಡ ಕೇಳಿದರಷ್ಟೇ ಹೇಳುವವಳು. ಮೇಜಿನ ತುದಿಯಲ್ಲಿ ಅಜ್ಜನ ಖಾಲಿ ಕುರ್ಚಿ. ಅದರ ಹತ್ತಿರ ಹೋದರೆ ಫ್ರಿಜ್ ಬಾಗಿಲು ತೆಗೆದ ಹಾಗೆ ತಣ್ಣಗೆ ಕೊರೆಯುತ್ತಿತ್ತು. ಕುರ್ಚಿಯ ಮೇಲೆ ಡಾಟಿ ಹೆಣೆದುಕೊಟ್ಟಿದ್ದ ನರಿಮುಖದ ದಿಂಬು, ಮುಖ ಕೆಳಗಾಗಿ ಮಲಗಿತ್ತು.

ಥಿಯಾ ಅದನ್ನು ತಿರುಗಿಸಿಟ್ಟು ಸಕ್ಕರೆ ತರಲು ಹೋದಳು. ಬಂದು ನೋಡಿದರೆ ನರಿ ಮತ್ತೆ ಮಕಾಡೆ.

"ಅಜ್ಜಿ, ನೀವು ತಿರುಗ್ಸಿದ್ರಾ?"

"ಇಲ್ಲಪ್ಪ."

"ಮತ್ತೆ ಯಾರು?"

ಅಜ್ಜಿ ಕುರ್ಚಿಯ ಕಡೆ ನೋಡಿದಳು, ಥಿಯಾಳ ಕಡೆ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ತಟ್ಟದೆ ಒಳನುಗ್ಗಿದ ಡಾಟಿ ದಿಂಬನ್ನು ಕಂಡು ಎದೆ ಹಿಡಿದುಕೊಂಡಳು. "ನೋಡಿದ್ಯಾ? ನರಿ ಮುಖ ಮುಚ್ಕೊಂಡಿದೆ! ನಾಚ್ಕೆ ಆಗ್ತಿದೆ ಅದಕ್ಕೆ, ನಿನ್ನಿಂದ!" ಅಜ್ಜಿ ಬಾಯಿ ಮುಚ್ಚಿ ಕಾಫಿ ಬಗ್ಗಿಸಿದಳು.

ಸ್ಕೂಲ್ ಬಸ್ಸು ಓಡಿಸುವ ಲೋವೆಲ್ ಹಳಿಯ ಆಚೆಯವನು, ಅಪ್ಪಟ ಹಸಿರು. ಬಸ್ಸಿನಲ್ಲಿದ್ದ ಶಾಲೆಯ ಕೊನೆಯ ವರ್ಷದವರೆಲ್ಲ ಅವತ್ತು ತಾವು ಸೇರುವ ಕಾಲೇಜಿನ ಬಣ್ಣದ ಅಂಗಿ ತೊಟ್ಟಿದ್ದರು. ಆ ದಿನದ ಪದ್ಧತಿಯೇ ಅದು. ಥಿಯಾ ಒಬ್ಬಳೇ ಬೂದು ಬಣ್ಣದಲ್ಲಿದ್ದಳು. ಮೂವತ್ತು ಮುಖಗಳು ಒಂದೇ ಸಲ ಅವಳ ಕಡೆ ತಿರುಗಿದವು. ಅವಳು ಚಾಲಕನ ಹಿಂದಿನ ಸೀಟಿನಲ್ಲಿ ಮುದುರಿ ಕುಳಿತಳು.

"ಬಾವುಟ ಬಿತ್ತಂತೆ?" ಲೋವೆಲ್ ಕನ್ನಡಿಯಲ್ಲೇ ಕೇಳಿದ.

"ನಿಮಗಾಗಲೇ ಗೊತ್ತಾ?"

"ಡಾಟಿ ಇರೋ ಬೀದಿಗೆ ರೇಡಿಯೋ ಯಾಕಮ್ಮ? ನಿಮ್ಮಜ್ಜ ಭಾರಿ ಕೆಂಪಿನ ಮನುಷ್ಯ ಬಿಡು. ಫುಟ್‌ಬಾಲ್ ದಿನ ನಮ್ಮ ಹಸಿರು ಬ್ಯಾಂಡ್ ಶುರುವಾದ್ರೆ ಸಾಕು, ಕಡಲೆಕಾಯಿ ತರ್ತೀನಿ ಅಂತ ಎದ್ದು ನಮ್ಮ ಕಡೆಗೆ ಬಂದ್ಬಿಡೋನು. ಕಂಬ ಒರಗಿಕೊಂಡು ನಿಂತು ಪೂರ್ತಿ ಕೇಳೋನು. ಕಣ್ಣಲ್ಲಿ ಬಳಬಳ ನೀರು! ಅಷ್ಟು ದ್ವೇಷ ನೋಡು ನಮ್ಮನ್ನ ಕಂಡ್ರೆ."

ಮಂಜಿನಲ್ಲಿ ಬಸ್ಸು ಸ್ಮಶಾನದ ಪಕ್ಕ ಹಾದುಹೋಯಿತು. ಕೆಂಪಿನವರ ಸಾಲಿನ ಗೋರಿಗಳ ಮೇಲೆಲ್ಲ ಪುಟ್ಟ ಬಾವುಟಗಳು ನೆಟ್ಟಗೆ ನಿಂತಿದ್ದವು. ಅಜ್ಜನ ಗೋರಿಯ ಮೇಲಿನದು ಮಾತ್ರ ಬಿದ್ದಿತ್ತು.

ಶಾಲೆಯ ಸಭಾಂಗಣದಲ್ಲಿ ಫೋಟೋಗೆಂದು ಎರಡು ಕಮಾನು ಕಟ್ಟಿದ್ದರು, ಒಂದು ಕೆಂಪು ಬಲೂನಿನದು, ಇನ್ನೊಂದು ಹಸಿರಿನದು. "ಬೂದು ಬಣ್ಣದವರು ಎಲ್ಲಿ ನಿಲ್ತಾರೆ?" ಎಂದು ಯಾರೋ ಕೊಂಕು ತೆಗೆದರು. ಹಸಿರು ಕಮಾನಿನ ಕಡೆ ಹೆಜ್ಜೆ ಇಡಲು ಥಿಯಾ ಧೈರ್ಯ ಕೂಡಿಸಿಕೊಳ್ಳುತ್ತಿದ್ದಾಗ ಕೆಂಪು ಕಮಾನಿನ ಮೊದಲ ಬಲೂನು ಢಮ್ಮೆಂದಿತು. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಯಾರೋ ಸೂಜಿ ಹಿಡಿದು ನಿಧಾನವಾಗಿ ನಡೆದುಹೋದ ಹಾಗೆ ಇಡೀ ಸಾಲು ಒಂದೊಂದಾಗಿ ಒಡೆಯಿತು. ಹಸಿರಿನ ಒಂದಕ್ಕೂ ಏನೂ ಆಗಲಿಲ್ಲ. ಸುತ್ತಲಿದ್ದವರೆಲ್ಲ ಸದ್ದಿಲ್ಲದೆ ಥಿಯಾಳಿಂದ ದೂರ ಸರಿದರು, ಅವಳ ಜೀವದ ಗೆಳತಿಯೂ ಸೇರಿ. ಥಿಯಾ ಫೋಟೋ ಬಿಟ್ಟು ಮನೆಗೆ ಓಡಿಬಂದಳು.

ಮನೆಯಲ್ಲಿ ನೆಮ್ಮದಿ ಸಿಗುತ್ತದೆ ಅಂದುಕೊಂಡಿದ್ದರೆ ಅದು ಅವಳ ಪೆದ್ದುತನ. ಡಾಟಿ ದೊಡ್ಡದೊಂದು ಕೆಂಪು ಕೇಕ್ ಮೇಜಿನ ಮೇಲಿಟ್ಟು, ಜೊತೆಗೆ ಹೆಣದ ವ್ಯವಸ್ಥೆ ನೋಡಿಕೊಳ್ಳುವ ಮೆರ್ಲ್‌ನನ್ನೂ ಎಳೆದುಕೊಂಡು ಬಂದಿದ್ದಳು. ಕಪ್ಪು ಸೂಟು, ಕೆಂಪು ಟೈ ಹಾಕಿದ ಮೆರ್ಲ್ ಸೋಫಾದ ತುದಿಯಲ್ಲಿ ಕುಳಿತು ಥಿಯಾಳ ಉದ್ದವನ್ನು ಕಣ್ಣಲ್ಲೇ ಅಳೆದ. ಅದು ಅವನ ಅಭ್ಯಾಸ, ಕೆಟ್ಟ ಉದ್ದೇಶವೇನಿಲ್ಲ.

"ಹೇಳಿ ಮೆರ್ಲ್, ಮುಚ್ಚಳದ ಕತೆ ಹೇಳಿ," ಡಾಟಿ ತಿವಿದಳು.

"ಅದು ವೃತ್ತಿಯ ಗುಟ್ಟು ಡಾಟಿ."

"ಹೇಳ್ರೀ ಸುಮ್ನೆ!"

ಮೆರ್ಲ್ ಗಂಟಲು ಸರಿಮಾಡಿಕೊಂಡ. "ಇಷ್ಟು ವರ್ಷದಲ್ಲಿ ನಾನು ಎಷ್ಟೋ ಜನಾನ ಮಲಗ್ಸಿದೀನಿ ಮಗೂ. ಎಲ್ಲರೂ ಹೇಳಿದ ಮಾತು ಕೇಳಿದಾರೆ. ನಿಮ್ಮಜ್ಜನ ಪೆಟ್ಟಿಗೆ ಮುಚ್ಚಳ ಮಾತ್ರ ಮುಚ್ಚಲೇ ಇಲ್ಲ. ಮುಚ್ಚೋದು, ತೆರೆಯೋದು. ಒಳಗಿಂದ ಯಾರೋ ತಳ್ಳಿದ ಹಾಗೆ. ಕೊನೆಗೆ ಪಾದ್ರಿಗಳು ಆ ಕಡೆ ತಿರುಗಿದಾಗ ನಾನೇ ಹತ್ತಿ ಕೂತ್ಕೊಂಡೆ."

"ಯಾಕೆ ಹೇಳಿ? ಮೊಮ್ಮಗಳು ಹಸಿರಾಗ್ತಾಳೆ ಅನ್ನೋ ಸಂಕಟ! ಅದನ್ನ ಹೇಳೋಕೆ ಎದ್ದು ಬರೋನಿದ್ದ ಪಾಪ!" ಡಾಟಿ ಮೂಗು ಒರೆಸಿಕೊಂಡಳು. "ಇವಳು ಇವತ್ತು ಆ ಹಸಿರನ್ನ ಒತ್ತಿದ್ರೆ ಅವನಿಗೆ ಮುಕ್ತಿ ಉಂಟಾ?"

ಆ ಹೊತ್ತಿಗೆ ಸರಿಯಾಗಿ ಬಾಗಿಲ ಗಂಟೆ ಹೊಡೆಯಿತು. ಒತ್ತಿದರೆ ಯೂನಿವರ್ಸಿಟಿಯ ರಣಗೀತೆ ನುಡಿಯುವ ಗಂಟೆ ಅದು. ಹಾಡು ಠೀವಿಯಿಂದ ಶುರುವಾಗಿ, ಎರಡನೆಯ ಸಾಲಿಗೆ ಎಳೆಯತೊಡಗಿ, ಕುತ್ತಿಗೆ ಹಿಸುಕಿದ ಕೋಳಿಯ ಹಾಗೆ ಕೊರಗಿ ನಿಂತುಹೋಯಿತು. ಥಿಯಾ ಬಾಗಿಲು ತೆರೆದಳು. ಮೆಟ್ಟಿಲ ಮೇಲೆ ಮಂಜು ಬಿಟ್ಟರೆ ಯಾರೂ ಇರಲಿಲ್ಲ. ತಿರುಗಿ ನೋಡಿದರೆ ಮೇಜಿನ ಮೇಲಿನ ಕೇಕ್, ಯಾರೋ ಅದರ ಮೇಲೆ ಕುಳಿತ ಹಾಗೆ, ನಿಟ್ಟುಸಿರು ಬಿಟ್ಟು ನಡುವೆ ಕುಸಿಯಿತು.

"ಓರ್ವಿಲ್!" ಎಂದು ಕಿರುಚಿದ ಡಾಟಿ ಮೆರ್ಲ್‌ನ ಮಡಿಲಿಗೆ ಬಿದ್ದಳು.

ಥಿಯಾಗೆ ಅಳು ಬಂತು. ಮುದುಕಿ ಮೇಡಂ ಕನ್ನಡಕ ತೆಗೆದು "ಆಮೇಲೆ?" ಎಂದದ್ದು ನೆನಪಾಯಿತು. ಆದರೆ ಆ ಮಾತನ್ನು ಮೊದಲು ಕೇಳಿದವನು ಅಜ್ಜ. ಅವಳ ಒಂದು ಆಸೆಗಾಗಿ ಅವನು ಮಣ್ಣಿನಡಿ ಹೊರಳಾಡುವುದಾದರೆ ಆ ಓದು ಅವಳಿಗೆ ಬೇಡವಾಗಿತ್ತು. ಐದು ಹೊಡೆಯುವ ಮುನ್ನ ಕಂಪ್ಯೂಟರಿನ ಮುಂದೆ ಕುಳಿತಳು. ಪರದೆ ಕಣ್ಣು ಮಿಟುಕಿಸಿತು, ಒಮ್ಮೆ ಆರಿಯೇಹೋಯಿತು, ಮೌಸ್ ಅವಳ ಕೈಯಿಂದ ಜಾರಿ ಜಾರಿ ಹೋಯಿತು. "ಹಿಡ್ಕೊಳೇ ಗಟ್ಟಿಯಾಗಿ!" ಎಂದು ಡಾಟಿ ಅವಳ ಕೈ ಮೇಲೆ ತನ್ನ ಕೈಯಿಟ್ಟು ಅದುಮಿದಳು. ಯೂನಿವರ್ಸಿಟಿಗೆ ಹೂಂ. ಸ್ಟೇಟ್‌ಗೆ ಊಹೂಂ. ಗಡಿಯಾರ ಐದು ಹೊಡೆಯಿತು.

ಡಾಟಿ ಚೀಲದಲ್ಲಿ ಸಿದ್ಧವಾಗಿಯೇ ತಂದಿದ್ದ ಕೆಂಪು ಜಾಕೆಟ್ಟನ್ನು ಥಿಯಾಗೆ ತೊಡಿಸಿ, ಕುತ್ತಿಗೆವರೆಗೂ ಗುಂಡಿ ಹಾಕಿದಳು. "ನೋಡು, ಈಗ ಮನೆ ಹೇಗೆ ತಣ್ಣಗಾಯ್ತು! ವರ್ನಾ, ಹೊಸ ಬಾವುಟಕ್ಕೆ ಒಂದು ಕೋಲು ಕೊಡು."

"ಗ್ಯಾರೇಜಲ್ಲಿದೆ," ಎಂದಳು ಅಜ್ಜಿ.

ನಾಲ್ವರೂ ಗ್ಯಾರೇಜಿಗೆ ಹೋದರು. ಗೋಡೆ ಪಕ್ಕ ಅಜ್ಜನ ಹತಾರದ ಬೀರು ನಿಂತಿತ್ತು, ಆಳೆತ್ತರದ್ದು. ಅವನು ಬದುಕಿರುವತನಕ ಅದರ ಬೀಗದ ಕೈಯನ್ನು ಯಾರಿಗೂ ಕೊಟ್ಟಿರಲಿಲ್ಲ. ಅವರು ನೋಡುತ್ತಿದ್ದ ಹಾಗೆ ಬೀಗ ತಾನಾಗಿ ಕಳಚಿ ಟಣ್ಣೆಂದು ಕೆಳಗೆ ಬಿತ್ತು, ಬಾಗಿಲು ಮೆಲ್ಲಗೆ ತೆರೆದುಕೊಂಡಿತು.

ಒಳಗೆ ಹತಾರ ಒಂದೂ ಇರಲಿಲ್ಲ. ಒಳಗೋಡೆಗೆ ಹಸಿರು ಬಣ್ಣ, ಮೊಳೆಗೆ ಸಿಕ್ಕಿಸಿದ ಹಸಿರು ಟೋಪಿ, ಹಸಿರು ಮಫ್ಲರ್, ಕುಳಿತುಕೊಳ್ಳಲು ಒಂದು ಸ್ಟೂಲು, ಗೋಡೆಯ ತುಂಬ ನಗುವ ಮಿಡತೆಗಳು. ಸ್ಟೂಲಿನ ಮೇಲೆ ಪುಟ್ಟ ರೇಡಿಯೋ ತಂತಿಯ ನಂಟಿಲ್ಲದೆ ಸ್ಟೇಟ್ ಬ್ಯಾಂಡಿನ ಹಾಡು ನುಡಿಸುತ್ತಿತ್ತು. ಅದರ ಹಿಂದೆ, ಬಹಳ ಮೆಲ್ಲಗೆ, ಒಂದು ಮುದಿ ಗಂಟಲು ಅದೇ ಹಾಡು ಗುನುಗುತ್ತಿತ್ತು. ಡಾಟಿ ಈ ಸಲ ಸದ್ದಿಲ್ಲದೆ ಬಿದ್ದಳು. ಮೆರ್ಲ್ ಅಭ್ಯಾಸಬಲದಿಂದ ಅವಳ ಕೈಗಳನ್ನು ಎದೆಯ ಮೇಲೆ ಜೋಡಿಸಿದ.

ಥಿಯಾಗೆ ಬಾವುಟ, ದಿಂಬು, ಬಲೂನು, ಮುಚ್ಚಳ ಎಲ್ಲವೂ ಒಟ್ಟಿಗೆ ಅರ್ಥವಾದವು. ಅಜ್ಜನಿಗೆ ಅವಳ ಮೇಲೆ ಕೋಪ ಬಂದೇ ಇರಲಿಲ್ಲ. ಬೆಳಗಿನಿಂದ ಅವನು ಕಿತ್ತು ಎಸೆಯುತ್ತಿದ್ದುದು ಕೆಂಪನ್ನು.

"ಅಜ್ಜಿ... ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನೇ? ಹೆಣ್ಣು ಕೇಳೋಕೆ ಬಂದಾಗ ನಮ್ಮಪ್ಪ ಬಾಗಿಲಲ್ಲೇ ನಿಲ್ಸಿ 'ಕೆಂಪಾ, ಹಸಿರಾ?' ಅಂದ್ರು. 'ಕೆಂಪು' ಅಂದ, ಪುಣ್ಯಾತ್ಮ. ನನಗೋಸ್ಕರ ಅಂದ. ಆ ಒಂದು ಮಾತಿಗೆ ಸಾಯೋವರೆಗೂ ಬೀರುವಲ್ಲಿ ಕೂತ." ಅಜ್ಜಿಯ ಕಣ್ಣು ತೇವವಾಗಿತ್ತು.

"ಮತ್ತೆ ಬೆಳಗಿಂದ ಒಂದು ಮಾತು ಹೇಳ್ಬಾರ್ದಿತ್ತಾ!"

"ಹೇಳೋಕೆ ಬಾಯಿ ತೆರೆದೆ, ಡಾಟಿ ಬಂದ್ಲು. ಆಮೇಲೆ ನೀನೂ ನನ್ನ ಕೇಳ್ಲಿಲ್ಲ. ಅವಳನ್ನೇ ಕೇಳ್ದೆ."

ಥಿಯಾ ಸ್ಟೇಟ್‌ಗೆ ಫೋನ್ ಮಾಡಲು ಓಡಿದಳು. ಅತ್ತಲಿನ ಹುಡುಗಿ ಬಹಳ ಸೌಜನ್ಯದಿಂದ ಮಾತಾಡಿದಳು: "ಇಲ್ಲ ಕಣ್ರೀ, ಆ ಸೀಟು ಹೋಗ್ಬಿಡ್ತು. ಕಾಯ್ತಾ ಇದ್ದೋರು ಆಗ್ಲೇ ಒತ್ಬಿಟ್ರು. ನಿಮಗೆ ಯೂನಿವರ್ಸಿಟೀಲಿ ಒಳ್ಳೇದಾಗ್ಲಿ. ಕ್ರೀಡಾಂಗಣ ಚೆನ್ನಾಗಿದೆ ಅಂತಾರೆ."

ಫೋನಿಟ್ಟು ಅವಳು ಅಡುಗೆಮನೆಯಲ್ಲಿ ನಿಂತಳು. ಗ್ಯಾರೇಜಿನ ಹಾಡು ನಿಂತಿತ್ತು. ಕುರ್ಚಿಯ ಕಡೆಯಿಂದ ತಣ್ಣನೆಯ ಗಾಳಿ ಎದ್ದು, ನಿಧಾನವಾಗಿ ಮೇಜು ಬಳಸಿ, ಅವಳ ಹತ್ತಿರ ಬಂದು ನಿಂತಿತು. ಕುತ್ತಿಗೆಯ ಹತ್ತಿರದ ಕೆಂಪು ಗುಂಡಿ ಟಪ್ಪೆಂದು ಕಿತ್ತು ನೆಲದ ಮೇಲೆ ಉರುಳಿತು. ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು.

ಅಜ್ಜಿ ಬಾಗಿ ಗುಂಡಿಗಳನ್ನು ಒಂದೊಂದಾಗಿ ಆರಿಸಿಕೊಂಡು ಅವಳ ಅಂಗೈಗೆ ಹಾಕಿದಳು.

"ನಾಲ್ಕು ವರ್ಷದ ಓದು ಅಲ್ವೇನೇ ಪುಟ್ಟಿ? ಹೋಗೋವಾಗ ಸೂಜಿ ದಾರ ಜಾಸ್ತೀನೇ ಇಟ್ಕೋ."