ಸೇನಾಪತಿಯ ಶಿರಸ್ತ್ರಾಣದ ಕೊಳೆಯನ್ನು ಮರಳಿ ಕಳಿಸಿಕೊಡುವ ಕುರಿತು

ಗೆ,
ಆರೈಕೆ ಕೈಪಿಡಿ ವಿಭಾಗದ ಮುಖ್ಯಸ್ಥರು,
ಸಿನಿಮಾ ಆಯುಧ ಹಾಗೂ ಕವಚಗಳ ಲೋಹದ ಪ್ರತಿಕೃತಿ ತಯಾರಿಸುವ ಕಂಪನಿ.

ಮಾನ್ಯರೇ,

ತಾವೂ, ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಯೂ, ತಮ್ಮ ಗೋದಾಮಿನಲ್ಲಿ ಹತ್ತಿ ಹೊದ್ದು ಮಲಗಿರುವ ಕತ್ತಿ ಗುರಾಣಿಗಳೂ ಕ್ಷೇಮವೆಂದು ನಂಬಿ, ನಲ್ಲಿ ತಯಾರಿಸುವ ಕಾರ್ಖಾನೆಯ ಬಫಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಹಿತ್ತಾಳೆಗೆ ಹೊಳಪು ಕೊಟ್ಟು ನಿವೃತ್ತನಾದ ನಾನು ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನಾನು ಇಲ್ಲಿ ಮಗಳ ಮನೆಯಲ್ಲಿ ಕ್ಷೇಮ. ಅಳಿಯಂದಿರು ಮಾತ್ರ ಕ್ಷೇಮವಾಗಿಲ್ಲ. ಅದಕ್ಕೆ ಅರ್ಧ ಕಾರಣ ನಾನು, ಇನ್ನರ್ಧ ತಾವು.

ಅಳಿಯಂದಿರ ಕೋಣೆಯ ಗಾಜಿನ ಕಪಾಟಿನಲ್ಲಿ ತಮ್ಮ ಕಂಪನಿಯ ಎರಡು ಕತ್ತಿ, ಒಂದು ಗುರಾಣಿ, ಮತ್ತು ಇವುಗಳ ನಡುವೆ ಮನೆಯ ಯಜಮಾನನ ಠೀವಿಯಲ್ಲಿ ಕೂತ ಒಂದು ಹಿತ್ತಾಳೆಯ ಶಿರಸ್ತ್ರಾಣ ಇವೆ. ಆ ಶಿರಸ್ತ್ರಾಣ ತೊಟ್ಟ ಸೇನಾಪತಿ ಸಿನಿಮಾದಲ್ಲಿ ಇರುವುದೇ ಹನ್ನೆರಡು ನಿಮಿಷ. ಒಂದು ಮಾತೂ ಆಡದೆ ಕುದುರೆಯಿಂದ ಬಿದ್ದು ಸಾಯುತ್ತಾನೆ. ಆದರೂ ಈ ಮನೆಯಲ್ಲಿ ಅವನಿಗೆ ಸಿಗುವ ಮರ್ಯಾದೆ ದಿನವಿಡೀ ಮಾತಾಡುವ ನನಗಿಲ್ಲ. ಬಹುಶಃ ಮಾತಾಡದಿರುವುದೇ ಅವನ ಯೋಗ್ಯತೆ ಇರಬೇಕು.

ಹೋದ ತಿಂಗಳು ಮಗಳೊಂದಿಗೆ ಎಂಟು ದಿನ ಪ್ರವಾಸ ಹೊರಟ ಅಳಿಯಂದಿರು, ಮದುವೆಯಾದ ಆರು ವರ್ಷಗಳಲ್ಲಿ ಮೊದಲ ಸಲ ಕಪಾಟಿನ ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಮಾವ, ಸ್ವಲ್ಪ ಇವನ್ನೆಲ್ಲ ನೋಡ್ಕೊಳ್ಳಿ" ಎಂದರು. ನಾನು ಉಬ್ಬಿಹೋದೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅವರ ಗಾಡಿ ತಿರುವು ದಾಟುವ ಮೊದಲೇ ಕಪಾಟು ತೆರೆದರೆ, ಸೇನಾಪತಿಯ ನೆತ್ತಿಯ ತುಂಬ ಕಿಲುಬು, ಎಡಕಿವಿಯ ಬಳಿ ಗೇಣುದ್ದ ಮಸಿ! ಹಿತ್ತಾಳೆಯ ಮುಂದೆ ಆಯಸ್ಸು ಸವೆಸಿದವನು ಇರುವ ಮನೆಯಲ್ಲಿ ಹಿತ್ತಾಳೆಗೆ ಈ ಗತಿಯೇ ಎಂದು ಹೊಟ್ಟೆ ಉರಿಯಿತು.

ಹಾಗೆಂದು ನಾನು ದುಡುಕಲಿಲ್ಲ. ತಮ್ಮ ಕೈಪಿಡಿಯನ್ನು ತೆರೆದು ಮೊದಲನೆಯ ಪುಟವನ್ನೇ ಓದಿದೆ. "ನಿಮ್ಮ ಸಂಗ್ರಹದ ಘನತೆ ಅದರ ಹೊಳಪಿನಲ್ಲಿದೆ. ಮೃದುವಾದ ಹತ್ತಿಬಟ್ಟೆಯಿಂದ ತಿಂಗಳಿಗೊಮ್ಮೆ ಉಜ್ಜಿ" ಎಂದು ಹೆಬ್ಬೆರಳಿನಷ್ಟು ದಪ್ಪಕ್ಷರದಲ್ಲಿ ತಾವು ಅಪ್ಪಣೆ ಕೊಡಿಸಿದ್ದೀರಿ. ನಾನು ಕೈಗವಸು ತೊಟ್ಟು, ಪಾಲಿಶ್ ಪೇಸ್ಟ್ ತಂದು, ಐದು ಹಳೆಯ ಬನಿಯನ್ನುಗಳನ್ನು ಬಲಿಕೊಟ್ಟು, ಮೂರು ದಿನ ಉಜ್ಜಿದೆ. ನಾಲ್ಕನೆಯ ದಿನ ಅದರಲ್ಲಿ ಮುಖ ನೋಡಿಕೊಂಡೇ ಮೀಸೆ ಕತ್ತರಿಸಿಕೊಂಡೆ. ಎದುರು ಮನೆಯವರು ಕಣ್ಣು ಕುಕ್ಕುತ್ತದೆಂದು ಕಿಟಕಿಗೆ ಪರದೆ ಎಳೆದರು.

ಪ್ರವಾಸ ಮುಗಿಸಿ ಬಂದ ಅಳಿಯಂದಿರು ಬಾಗಿಲಲ್ಲೇ ಬ್ಯಾಗು ಬಿಟ್ಟು, ಕಪಾಟಿನ ಮುಂದೆ ಹೋಗಿ ನಿಂತು, "ಮಸಿ ಎಲ್ಲಿ?" ಎಂದರು. ಆ ಮಸಿ ಕೋಟೆ ಸುಟ್ಟ ದೃಶ್ಯದ್ದೆಂದೂ, ಆ ಕಿಲುಬನ್ನು ತಮ್ಮ ಕಲಾವಿದರು ಕುಂಚದಲ್ಲಿ ಚುಕ್ಕೆ ಚುಕ್ಕೆಯಾಗಿ ಇಟ್ಟಿದ್ದರೆಂದೂ, ಕೊಳೆ ಅಸಲಿಯೆಂದು ಸಹಿ ಹಾಕಿದ ಪ್ರಮಾಣಪತ್ರವೇ ಇದೆಯೆಂದೂ ನನಗೆ ಆಗ ತಿಳಿಯಿತು. "ಯುದ್ಧದ ಕೊಳೆಯುಳ್ಳ ಮಾದರಿಗಳನ್ನು ಯಾವ ಕಾರಣಕ್ಕೂ ಉಜ್ಜಬಾರದು" ಎಂಬ ಮಾತನ್ನು ತಾವು ಹದಿನಾಲ್ಕನೆಯ ಪುಟದ ಬುಡದಲ್ಲಿ, ಇರುವೆಗೂ ಕನ್ನಡಕ ಬೇಕಾಗುವ ಅಕ್ಷರಗಳಲ್ಲಿ ಅಚ್ಚು ಮಾಡಿಸಿದ್ದೀರಿ. ಇಷ್ಟು ದೊಡ್ಡ ವಿಷಯವನ್ನು ಇಷ್ಟು ಸಣ್ಣದಾಗಿ ಹೇಳುವ ತಮ್ಮ ವಿನಯಕ್ಕೆ ನಾನು ತಲೆಬಾಗುತ್ತೇನೆ.

ಅಂದಿನಿಂದ ಅಳಿಯಂದಿರು ನನ್ನನ್ನು "ಮಾವ" ಎಂದು ಕರೆದಿಲ್ಲ. ಒಂದೇ ಮೇಜಿನಲ್ಲಿ ಎದುರುಬದುರು ಕೂತಿದ್ದರೂ, "ಅವ್ರಿಗೆ ಇನ್ನೊಂಚೂರು ಅನ್ನ ಬೇಕಾ ಕೇಳು" ಎಂದು ನನ್ನ ಮಗಳಿಗೆ ಹೇಳುತ್ತಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾರ್ಖಾನೆಯಲ್ಲಿ ಬೈಸಿಕೊಂಡು ರೂಢಿಯಿದೆ. ಇದು ಮಾತ್ರ ತಡೆಯಲಾಗುತ್ತಿಲ್ಲ.

ಆದ್ದರಿಂದ ತಾವು ದಯವಿಟ್ಟು ಅದೇ ಯುದ್ಧದ, ಅದೇ ಎಡಕಿವಿಯ ಮಸಿಯನ್ನು ಒಂದು ಪೊಟ್ಟಣದಲ್ಲಿ ಕಟ್ಟಿ, ಒಂದು ಸಣ್ಣ ಸೀಸೆ ಕಿಲುಬಿನೊಂದಿಗೆ ಕಳಿಸಿಕೊಡಬೇಕು. ದಾಸ್ತಾನು ಮುಗಿದಿದ್ದರೆ ಕೋಟೆಯನ್ನು ಇನ್ನೊಮ್ಮೆ ಸುಡಿಸಬೇಕು. ಸೇನಾಪತಿ ಮತ್ತೊಮ್ಮೆ ಸಾಯಲು ಒಪ್ಪದಿದ್ದರೆ ಅವನ ಬದಲು ಕುದುರೆಯಿಂದ ಬೀಳಲು ನಾನು ತಯಾರಿದ್ದೇನೆ, ಕುದುರೆ ಗಿಡ್ಡದಾಗಿರಲಿ.

ಕೊನೆಗೆ ಒಂದು ಮಾತು, ಇದು ತಮಾಷೆಯಲ್ಲ. ಕೊಳೆ ತೆಗೆದಾಗ ಅಡಿಯಲ್ಲಿ ಒಂದು ಕೈಕೆಲಸ ಕಂಡಿತು. ಶಿರಸ್ತ್ರಾಣದ ಅಂಚಿನ ಒಳಮಡಿಕೆಗೆ ಬಫಿಂಗ್ ಚಕ್ರ ಹೋಗುವುದಿಲ್ಲ. ಕಾಟಾಚಾರಕ್ಕೆ ಕೆಲಸ ಮಾಡುವವರು ಅಲ್ಲಿ ಮಂಕು ಗೆರೆಯೊಂದನ್ನು ಹಾಗೇ ಬಿಡುತ್ತಾರೆ. ಇಲ್ಲಿ ಯಾರೋ ಬಟ್ಟೆಯ ಪಟ್ಟಿಯನ್ನು ಎರಡೂ ತುದಿ ಹಿಡಿದು ಎಳೆದೆಳೆದು, ಯಾರೂ ನೋಡದ ಆ ಜಾಗವನ್ನೂ ಕನ್ನಡಿ ಮಾಡಿದ್ದಾರೆ. ಅದರ ಮೇಲೆ ತಾವು ಮಸಿ ಬಳಿಸಿ, ಸಹಿಯ ಗೌರವವನ್ನು ಮಸಿಗೆ ಕೊಟ್ಟಿದ್ದೀರಿ. ಆ ಕೆಲಸಗಾರ ಯಾರೆಂದು ತಮಗೆ ಗೊತ್ತಿದ್ದರೆ, ಒಂದು ಮನೆಯಲ್ಲಿ ಕೆಲವು ದಿನವಾದರೂ ಅವರ ಕೆಲಸ ಕಾಣಿಸಿತ್ತೆಂದು ತಿಳಿಸಿ.

ತಮ್ಮ ವಿಶ್ವಾಸಿ,
ಮಾವನ ಹುದ್ದೆಯಿಂದ ಸದ್ಯಕ್ಕೆ ಅಮಾನತುಗೊಂಡಿರುವ ಬಫಿಂಗ್ ಕೆಲಸಗಾರ

ತಾ.ಕ.: ಈ ಪತ್ರವನ್ನು ಲಕೋಟೆಗೆ ಹಾಕುವ ಮೊದಲು, ತಮ್ಮನ್ನು ನಂಬಿ ಕೂರುವುದು ಬೇಡವೆಂದು ಮೇಣದಬತ್ತಿಯ ಮಸಿ, ಚಹದ ಡಿಕಾಕ್ಷನ್ ಮತ್ತು ಕಪ್ಪು ಬೂಟ್ ಪಾಲಿಶ್ ಸೇರಿಸಿ ಶಿರಸ್ತ್ರಾಣದ ಮೇಲೆ ನಾನೇ ಯುದ್ಧ ಶುರು ಮಾಡಿದ್ದೆ. ಇಂದು ಬೆಳಿಗ್ಗೆ ಅಳಿಯಂದಿರು ಬಾಗಿಲಲ್ಲಿ ಬಹಳ ಹೊತ್ತು ನಿಂತು ನೋಡಿ, "ಮಾವ, ಎಡಗಡೆ ಇನ್ನೂ ಹೊಳೀತಿದೆ, ಸ್ವಲ್ಪ ಮಸಿ ಹಚ್ಚಿ" ಎಂದರು. ಹಾಗಾಗಿ ತಮ್ಮ ಕೊಳೆಯನ್ನು ತಾವೇ ಇಟ್ಟುಕೊಳ್ಳಬಹುದು. ಅಂಚಿನ ಒಳಮಡಿಕೆಗೆ ಮಾತ್ರ ನಾನು ಮಸಿ ಹಚ್ಚಿಲ್ಲ. ಅಲ್ಲಿಗೆ ನನ್ನ ಬೆರಳು ಹೋಗುವುದಿಲ್ಲವೆಂದು ಅಳಿಯಂದಿರಿಗೆ ಸುಳ್ಳು ಹೇಳಿದ್ದೇನೆ. ಇದು ಬಹಿರಂಗ ಪತ್ರವೆಂಬುದು ಈಗಷ್ಟೇ ನೆನಪಾದ್ದರಿಂದ, ಈ ಕೊನೆಯ ಸಾಲುಗಳನ್ನು ತಮ್ಮ ಹದಿನಾಲ್ಕನೆಯ ಪುಟದ ಅಕ್ಷರಗಳಲ್ಲೇ ಅಚ್ಚು ಮಾಡಬೇಕೆಂದು ಪತ್ರಿಕೆಯವರನ್ನು ಕೋರಿದ್ದೇನೆ. ಹಾಗಾದರೆ ಯಾರೂ ಓದುವುದಿಲ್ಲ.